ಸರ್ಕಾರ ಕಣ್ಣು ಹಾಕಿದ ಚಿನ್ನದ ಗಣಿ: ಯಾವ ಥರದ ಷೇರು ಕೊಳ್ಳಬಹುದು, ಯಾವುದನ್ನು ಬಿಡಬೇಕು

2025ರ ಅಕ್ಟೋಬರ್‌ನಲ್ಲಿ ಚಿನ್ನದ ಬೆಲೆ ಔನ್ಸಿಗೆ 4,000 ಡಾಲರ್ ದಾಟಿತು. ಆಮೇಲೆ ಚಿನ್ನದ ಬದಲು ಚಿನ್ನ ತೆಗೆಯುವ ಕಂಪನಿಯ ಷೇರನ್ನೇ ಕೊಂಡರೆ ಹೇಗೆ ಅನ್ನುವ ಆಸೆ ನಮ್ಮಲ್ಲೂ ಹಲವರಿಗೆ ಬಂದಿದೆ. ಆಸೆಗೆ ಕಾರಣವೂ ಇದೆ. ಒಂದು ಔನ್ಸ್ ತೆಗೆಯಲು 1,500 ಡಾಲರ್ ಖರ್ಚಾಗುವ ಗಣಿ ಅಂದುಕೊಳ್ಳಿ. ಚಿನ್ನ 2,000 ಇದ್ದಾಗ ಅದಕ್ಕೆ ಉಳಿಯುವುದು 500. ಚಿನ್ನ 4,000 ಆದರೆ ಉಳಿಯುವುದು 2,500. ಬೆಲೆ ಎರಡು ಪಟ್ಟು ಆಯಿತು, ಲಾಭ ಐದು ಪಟ್ಟು ಆಯಿತು.

ಈ ಲೆಕ್ಕ ಹಿಡಿದು ಹುಡುಕುತ್ತಾ ಹೋದವರ ಕಣ್ಣಿಗೆ ಒಂದಲ್ಲ ಒಂದು ದಿನ ಒಂದು ವಿಚಿತ್ರ ಷೇರು ಬೀಳುತ್ತದೆ. ಗಣಿ ಒಳ್ಳೆಯದು, ಅದಿರು ಒಳ್ಳೆಯದು, ಸಾಲ ಕಡಿಮೆ. ಆದರೂ ಅದೇ ಗಾತ್ರದ ಕೆನಡಾ ಅಥವಾ ಆಸ್ಟ್ರೇಲಿಯಾ ಕಂಪನಿಯ ಅರ್ಧ ಬೆಲೆಗೆ ಸಿಗುತ್ತಿದೆ. ಕಾರಣ ನೋಡಿದರೆ ಗಣಿ ಇರುವುದು ಮಾಲಿಯಲ್ಲಿ, ಬುರ್ಕಿನಾ ಫಾಸೊದಲ್ಲಿ, ಕಿರ್ಗಿಸ್ತಾನದಲ್ಲಿ. ಸರ್ಕಾರದ ಜೊತೆ ಜಗಳ ನಡೆಯುತ್ತಿದೆ. ಜಗಳ ಮುಗಿದರೆ ಬೆಲೆ ಎರಡು ಪಟ್ಟು ಅಲ್ವಾ, ಅಂತ ಮನಸ್ಸು ಹೇಳುತ್ತದೆ.

ಆ ಮನಸ್ಸು ಒಂದು ವಿಷಯ ಮರೆತಿರುತ್ತದೆ. ಮೇಲಿನ ಐದು ಪಟ್ಟಿನ ಲೆಕ್ಕ ಆ ದೇಶದ ಹಣಕಾಸು ಮಂತ್ರಿಗೂ ಬರುತ್ತದೆ. ಚಿನ್ನ ಏರಿದಷ್ಟೂ ಹಳೆಯ ಒಪ್ಪಂದ ಅವರಿಗೆ ಅನ್ಯಾಯವಾಗಿ ಕಾಣುತ್ತದೆ. ಹಾಗಾಗಿ ಚಿನ್ನದ ಬೆಲೆಯ ಮೇಲಿನ ಬಾಜಿ ಮತ್ತು ರಾಜಕೀಯದ ಮೇಲಿನ ಬಾಜಿ ಬೇರೆ ಬೇರೆ ಅಲ್ಲ. ಮೊದಲನೆಯದು ಗೆಲ್ಲುತ್ತಾ ಹೋದ ಹಾಗೆ ಎರಡನೆಯದು ಸೋಲುವ ಸಾಧ್ಯತೆ ಜಾಸ್ತಿಯಾಗುತ್ತದೆ. ಇಂಥ ಷೇರು ಕೊಂಡವರು ನಿಜವಾಗಿ ಕೊಂಡಿರುವುದು ಒಂದು ಸರ್ಕಾರ ಮತ್ತು ಒಂದು ಕಂಪನಿಯ ನಡುವಿನ ಚೌಕಾಸಿಯಲ್ಲಿ ಒಂದು ಸಣ್ಣ ಪಾಲು. ಆ ಮೇಜಿನ ಹತ್ತಿರ ಅವರಿಗೆ ಕುರ್ಚಿ ಇಲ್ಲ.

ಹಾಗಂತ ಎಲ್ಲ ಷೇರೂ ಒಂದೇ ಅಲ್ಲ. ಸರ್ಕಾರದ ಜಗಳಕ್ಕೆ ಸಿಕ್ಕಿದ ಚಿನ್ನದ ಷೇರುಗಳಲ್ಲಿ ಮೂರು ಜಾತಿ ಇವೆ. ಅವುಗಳ ನಡತೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಆಮೇಲೆ ಜಗಳದಿಂದ ದೂರ ನಿಲ್ಲುವ ಒಂದೆರಡು ದಾರಿಗಳೂ ಇವೆ.

ಹತ್ತಾರು ಗಣಿ, ಅದರಲ್ಲಿ ಒಂದಕ್ಕೆ ಗ್ರಹಚಾರ

ಬ್ಯಾರಿಕ್ ಕಥೆಯಿಂದ ಶುರು ಮಾಡೋಣ, ಯಾಕೆಂದರೆ ಇತ್ತೀಚಿನ ವರ್ಷಗಳಲ್ಲಿ ಇದಕ್ಕಿಂತ ನಾಟಕೀಯವಾದದ್ದು ಇನ್ನೊಂದಿಲ್ಲ. ಕೆನಡಾದ ಈ ಕಂಪನಿಗೆ ಮಾಲಿಯ ಪಶ್ಚಿಮದಲ್ಲಿ, ಸೆನೆಗಲ್ ಗಡಿ ಹತ್ತಿರ, ಲೂಲೋ-ಗುಂಕೋಟೋ ಎಂಬ ದೊಡ್ಡ ಗಣಿ ಇದೆ. 80% ಬ್ಯಾರಿಕ್‌ದು, 20% ಮಾಲಿ ಸರ್ಕಾರದ್ದು. ಮಾಲಿಯಲ್ಲಿ 2020ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಸೇನೆ ಅಧಿಕಾರ ಹಿಡಿಯಿತು. ಅಸಿಮಿ ಗೊಯಿಟಾ ಸರ್ಕಾರ 2023ರಲ್ಲಿ ಹೊಸ ಗಣಿ ಕಾನೂನು ತಂದಿತು. ಅದರ ಪ್ರಕಾರ ಸರ್ಕಾರ ಮತ್ತು ಸ್ಥಳೀಯರ ಪಾಲು 35% ವರೆಗೆ ಹೋಗಬಹುದು. ಹಳೆಯ ಕಾನೂನಿನಡಿ ಒಪ್ಪಂದ ಮಾಡಿಕೊಂಡವರೂ ಹೊಸದಕ್ಕೆ ಬರಬೇಕು ಅಂತ ಸರ್ಕಾರ ಪಟ್ಟು ಹಿಡಿಯಿತು. ಜೊತೆಗೆ ಹಿಂದಿನ ತೆರಿಗೆ ಬಾಕಿಯ ಲೆಕ್ಕ.

ಮುಂದೆ ನಡೆದದ್ದು ನೋಡಿ. 2024ರ ನವೆಂಬರ್‌ನಲ್ಲಿ ಬ್ಯಾರಿಕ್‌ನ ನಾಲ್ಕು ಜನ ನೌಕರರನ್ನು ಜೈಲಿಗೆ ಹಾಕಿದರು. ಚಿನ್ನ ಹೊರಗೆ ಕಳಿಸದಂತೆ ತಡೆದರು. ಡಿಸೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ಮಾರ್ಕ್ ಬ್ರಿಸ್ಟೋ ಅವರ ಮೇಲೇ ಬಂಧನದ ವಾರಂಟ್ ಬಂತು. 2025ರ ಜನವರಿಯಲ್ಲಿ ಹೆಲಿಕಾಪ್ಟರ್ ತಂದು ಗಣಿಯಲ್ಲಿದ್ದ ಸುಮಾರು 3 ಟನ್ ಚಿನ್ನ ಹೊತ್ತುಕೊಂಡು ಹೋದರು. ಕಂಪನಿ ಕೆಲಸ ನಿಲ್ಲಿಸಿತು. ಜೂನ್ 16ರಂದು ರಾಜಧಾನಿ ಬಮಾಕೊದ ವಾಣಿಜ್ಯ ನ್ಯಾಯಾಲಯ ಗಣಿಯನ್ನು ಆರು ತಿಂಗಳಿಗೆ ಬೇರೆ ಆಡಳಿತಾಧಿಕಾರಿಯ ಕೈಗೆ ಕೊಟ್ಟಿತು. ಬ್ಯಾರಿಕ್ ತನ್ನ ಲೆಕ್ಕಪುಸ್ತಕದಲ್ಲಿ 100 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಬರೆದುಕೊಂಡಿತು. ಸೆಪ್ಟೆಂಬರ್ ಕೊನೆಗೆ ಬ್ರಿಸ್ಟೋ ಏಕಾಏಕಿ ಹುದ್ದೆ ಬಿಟ್ಟರು. ನವೆಂಬರ್ 24ರಂದು ರಾಜಿಯಾಯಿತು. ಗಣಿ ವಾಪಸ್, ನೌಕರರ ಬಿಡುಗಡೆ, ಬ್ಯಾರಿಕ್ ಹೂಡಿದ್ದ ಅಂತರರಾಷ್ಟ್ರೀಯ ಕೇಸು ಹಿಂದಕ್ಕೆ.

ಈಗ ಷೇರು ಏನಾಯಿತು ಅಂತ ಕೇಳಿ. 2025ರಲ್ಲಿ, ಹೆಚ್ಚುಕಡಿಮೆ ಇಡೀ ವರ್ಷ ಆ ಗಣಿಯ ಚಿನ್ನ ಕಂಪನಿಯ ಕೈಗೆ ಬರದಿದ್ದಾಗ, ಬ್ಯಾರಿಕ್ ಷೇರು ಎರಡು ಪಟ್ಟಿಗಿಂತ ಜಾಸ್ತಿ ಏರಿತು.

ಇದರ ಕಾರಣ ಸರಳ. ಲೂಲೋ-ಗುಂಕೋಟೋ ಬ್ಯಾರಿಕ್‌ನ ಒಟ್ಟು ಚಿನ್ನದಲ್ಲಿ ಸುಮಾರು ಏಳನೇ ಒಂದು ಭಾಗ ಅಷ್ಟೇ. ಅಮೆರಿಕದ ನೆವಾಡಾದಲ್ಲಿ ನ್ಯೂಮಾಂಟ್ ಜೊತೆ ಸೇರಿ ನಡೆಸುವ ದೊಡ್ಡ ಗಣಿಗಳಲ್ಲಿ ಅದರ ಪಾಲು 61.5%. ಚಿನ್ನದ ಬೆಲೆ ಏರಿದ್ದು ಆ ಎಲ್ಲ ಗಣಿಗಳಿಗೂ ಬಂತು. ಮಾಲಿಯ ನಷ್ಟ ಅದರ ಕೆಳಗೆ ಮುಚ್ಚಿಹೋಯಿತು. ಇದೇ ಕಂಪನಿ ಪಾಪುವಾ ನ್ಯೂಗಿನಿಯಲ್ಲಿ ಪೊರ್ಗೆರಾ ಗಣಿಯನ್ನು 2020ರಲ್ಲಿ ಮುಚ್ಚಬೇಕಾಗಿ ಬಂದಿತ್ತು. ಆಮೇಲೆ 51% ಪಾಲು ಅಲ್ಲಿನವರಿಗೆ ಬಿಟ್ಟು ಮತ್ತೆ ತೆರೆಯಿತು. ಪಾಕಿಸ್ತಾನದ ರೆಕೊ ಡಿಕ್‌ನಲ್ಲೂ ಹೀಗೇ ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಅರ್ಧ ಪಾಲಿಗೆ ಒಪ್ಪಿಕೊಂಡಿತು. ಜಗಳ, ರಾಜಿ, ಮತ್ತೆ ಕೆಲಸ: ಇದು ಇಂಥ ಕಂಪನಿಗೆ ವ್ಯಾಪಾರದ ಒಂದು ಖರ್ಚು.

ಹಾಗಾದರೆ ಈ ಜಾತಿಯ ಷೇರು ಯಾರಿಗೆ? ಚಿನ್ನ ಏರುತ್ತದೆ ಅನ್ನುವ ನಂಬಿಕೆ ಇದ್ದು, ರಾಜಕೀಯದ ಸುದ್ದಿ ಬಂದಾಗ ಬೆಲೆ ಸ್ವಲ್ಪ ಬಿದ್ದರೆ ಅದನ್ನು ಕೊಳ್ಳುವ ಅವಕಾಶವಾಗಿ ಬಳಸುವವರಿಗೆ. ಮಾಲಿಯಲ್ಲಿ ರಾಜಿ ಆಗುತ್ತದೆ ಅನ್ನುವುದರ ಮೇಲೆ ಬಾಜಿ ಕಟ್ಟಬೇಕು ಅನ್ನುವವರಿಗೆ ಇದು ತಕ್ಕದ್ದಲ್ಲ. ನಿಮ್ಮ ಊಹೆ ನಿಜವಾದರೂ ಅದು ಬೆಲೆಯಲ್ಲಿ ಕಾಣುವುದು ಸ್ವಲ್ಪವೇ. ನನ್ನ ಅಭಿಪ್ರಾಯದಲ್ಲಿ, ಸಣ್ಣ ಹೂಡಿಕೆದಾರರಿಗೆ ರಾಜಕೀಯ ಅಪಾಯದ ರುಚಿ ನೋಡಲೇಬೇಕು ಅನ್ನಿಸಿದರೆ ಇದಕ್ಕಿಂತ ಮುಂದೆ ಹೋಗುವ ಅಗತ್ಯ ಇಲ್ಲ.

ಒಂದೇ ಗಣಿಯ ಮೇಲೆ ನಿಂತ ಕಂಪನಿ

ಎರಡನೇ ಜಾತಿ ನಿಜವಾದ ಜೂಜು. ಕಂಪನಿಯ ಅರ್ಧಕ್ಕಿಂತ ಜಾಸ್ತಿ ಆದಾಯ ಒಂದೇ ದೇಶದ ಒಂದೇ ಗಣಿಯಿಂದ ಬರುತ್ತಿದ್ದರೆ, ಆ ದೇಶದ ಅಧ್ಯಕ್ಷರ ಒಂದು ಸಹಿಗೆ ಷೇರಿನ ಅರ್ಧ ಬೆಲೆ ಹೋಗಬಹುದು. ಇಲ್ಲಿ ಮೂರು ಕಥೆ ಹೇಳಬೇಕು. ಮೂರೂ ಬೇರೆ ಬೇರೆ ರೀತಿ ಮುಗಿದವು.

ಮೊದಲನೆಯದು ಕಿರ್ಗಿಸ್ತಾನದ ಕುಮ್ಟೋರ್. ಟಿಯಾನ್ ಶಾನ್ ಪರ್ವತದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ, ಹಿಮನದಿಗಳ ಪಕ್ಕದಲ್ಲೇ ಇರುವ ಗಣಿ. 1997ರಿಂದ ಚಿನ್ನ ಬರುತ್ತಿದೆ. ನಡೆಸುತ್ತಿದ್ದದ್ದು ಕೆನಡಾದ ಸೆಂಟೆರಾ ಗೋಲ್ಡ್. ಸದಿರ್ ಜಪಾರೋವ್ ಎಂಬ ರಾಜಕಾರಣಿ ಈ ಗಣಿಯನ್ನು ರಾಷ್ಟ್ರೀಕರಣ ಮಾಡಬೇಕು ಅಂತ 2012ರಿಂದಲೂ ಕೂಗುತ್ತಿದ್ದರು. ನಡುವೆ ಜೈಲಿಗೂ ಹೋದರು. 2020ರ ಅಕ್ಟೋಬರ್‌ನ ಗಲಭೆಯಲ್ಲಿ ಬೆಂಬಲಿಗರು ಅವರನ್ನು ಜೈಲಿನಿಂದ ಬಿಡಿಸಿದರು. ಕೆಲವೇ ತಿಂಗಳಲ್ಲಿ ಅವರು ಅಧ್ಯಕ್ಷರಾದರು. 2021ರ ಮೇ ತಿಂಗಳಲ್ಲಿ ಸರ್ಕಾರ ಹೊಸ ಕಾನೂನು ಮಾಡಿ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು. ಹಿಮನದಿಯ ಮೇಲೆ ಗಣಿ ತ್ಯಾಜ್ಯ ಸುರಿದಿದ್ದಕ್ಕೆ ಅಲ್ಲಿನ ಕೋರ್ಟು ಹಾಕಿದ ದಂಡ 300 ಕೋಟಿ ಡಾಲರ್‌ಗೂ ಜಾಸ್ತಿ. ಇದು ಆಕಾಶದಿಂದ ಬಿದ್ದ ಸುದ್ದಿ ಆಗಿರಲಿಲ್ಲ. ಆ ವ್ಯಕ್ತಿ ಎಂಟು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಮಾಡಿದರು. ಕಂಪನಿ ವರದಿ ಓದುವವರು ಆ ದೇಶದ ಪತ್ರಿಕೆಯನ್ನೂ ಓದಬೇಕು ಅನ್ನುವುದು ಇದಕ್ಕೇ.

ಆದರೆ ಸೆಂಟೆರಾ ಷೇರುದಾರರು ಪೂರ್ತಿ ಮುಳುಗಲಿಲ್ಲ. ಯಾಕೆ ಅನ್ನುವುದೇ ಇಲ್ಲಿ ಕಲಿಯಬೇಕಾದ ವಿಷಯ. ಕಿರ್ಗಿಸ್ ಸರ್ಕಾರದ ಪಾಲು ಇದ್ದದ್ದು ಟೊರೊಂಟೊ ಷೇರುಪೇಟೆಯಲ್ಲಿ ಪಟ್ಟಿಯಾದ ಸೆಂಟೆರಾ ಕಂಪನಿಯಲ್ಲೇ, ಸುಮಾರು 26%. 2022ರ ಏಪ್ರಿಲ್‌ನ ರಾಜಿಯಲ್ಲಿ ಸರ್ಕಾರ ಆ 7.74 ಕೋಟಿ ಷೇರು ವಾಪಸ್ ಕೊಟ್ಟಿತು, ಗಣಿ ಇಟ್ಟುಕೊಂಡಿತು. ಷೇರು ರದ್ದಾದವು. ಉಳಿದವರ ಕೈಯಲ್ಲಿ ಕೆನಡಾದ ಮೌಂಟ್ ಮಿಲಿಗನ್ ಮತ್ತು ಟರ್ಕಿಯ ಓಕ್ಸೂಟ್ ಗಣಿಗಳಲ್ಲಿ ದೊಡ್ಡ ಪಾಲು ಉಳಿಯಿತು. ಸರ್ಕಾರದ ಬಳಿ ಕಂಪನಿಗೆ ಬೇಕಾದ ಒಂದು ವಸ್ತು ಇತ್ತು, ಹಾಗಾಗಿ ಅದಲುಬದಲು ಸಾಧ್ಯವಾಯಿತು. ಹೆಚ್ಚಿನ ದೇಶಗಳಲ್ಲಿ ಸರ್ಕಾರದ ಪಾಲು ಇರುವುದು ಅಲ್ಲಿನ ಸ್ಥಳೀಯ ಕಂಪನಿಯಲ್ಲಿ. ಆಗ ಅದಲುಬದಲು ಮಾಡಲು ಏನೂ ಇರುವುದಿಲ್ಲ. ಕಂಪನಿಯ ವಾರ್ಷಿಕ ವರದಿಯಲ್ಲಿ ಈ ಒಂದು ಸಾಲನ್ನು ತಪ್ಪದೆ ಹುಡುಕಿ: ಸರ್ಕಾರ ಪಾಲುದಾರ ಆಗಿರುವುದು ಎಲ್ಲಿ, ಮೇಲಿನ ಕಂಪನಿಯಲ್ಲೋ ಕೆಳಗಿನದರಲ್ಲೋ?

ಎರಡನೆಯದು ಟಾಂಜಾನಿಯಾದ ಅಕೇಶಿಯಾ. ಲಂಡನ್ನಿನಲ್ಲಿ ಪಟ್ಟಿಯಾಗಿದ್ದ ಕಂಪನಿ, ಮೂರೂ ಗಣಿ ಅದೊಂದೇ ದೇಶದಲ್ಲಿ. 2017ರಲ್ಲಿ ಅಧ್ಯಕ್ಷ ಜಾನ್ ಮಗುಫುಲಿ ಅದಿರಿನ ಸಾಂದ್ರ ಪುಡಿ ರಫ್ತು ನಿಲ್ಲಿಸಿದರು. ಆಮೇಲೆ ಬಂದ ತೆರಿಗೆ ನೋಟಿಸ್‌ನ ಮೊತ್ತ 19,000 ಕೋಟಿ ಡಾಲರ್. ಕಂಪನಿಯ ವರ್ಷದ ಆದಾಯ ಇದ್ದದ್ದು 100 ಕೋಟಿ ಡಾಲರ್ ಆಸುಪಾಸಿನಲ್ಲಿ. ಆ ನೋಟಿಸ್ ವಸೂಲಿಗೆ ಅಂತ ಕಳಿಸಿದ್ದಲ್ಲ, ಚೌಕಾಸಿ ಎಲ್ಲಿಂದ ಶುರುವಾಗಬೇಕು ಅಂತ ಹೇಳಲು ಕಳಿಸಿದ್ದು. ಕೊನೆಗೆ 30 ಕೋಟಿ ಡಾಲರ್‌ಗೆ, ಮುಂದಿನ ಲಾಭ ಅರ್ಧ ಅರ್ಧ ಅನ್ನುವ ಮಾತಿಗೆ ರಾಜಿಯಾಯಿತು.

ಆದರೆ ರಾಜಿ ಮಾಡಿಕೊಂಡದ್ದು ಅಕೇಶಿಯಾ ಅಲ್ಲ. ಅದರಲ್ಲಿ ಸುಮಾರು 64% ಪಾಲಿದ್ದ ಬ್ಯಾರಿಕ್ ನೇರವಾಗಿ ಸರ್ಕಾರದ ಜೊತೆ ಮಾತಾಡಿತು. 2019ರ ಸೆಪ್ಟೆಂಬರ್‌ನಲ್ಲಿ ಉಳಿದ ಸಣ್ಣ ಷೇರುದಾರರ ಪಾಲನ್ನೂ ಬ್ಯಾರಿಕ್ ಕೊಂಡುಕೊಂಡಿತು, ಒಂದು ಅಕೇಶಿಯಾ ಷೇರಿಗೆ 0.168 ಬ್ಯಾರಿಕ್ ಷೇರು ಲೆಕ್ಕದಲ್ಲಿ. ಜಗಳ ಬಗೆಹರಿಯುತ್ತದೆ ಅಂತ ಸರಿಯಾಗಿ ಊಹಿಸಿ ಕಾದು ಕೂತವರಿಗೆ, ಬಗೆಹರಿದ ಮೇಲಿನ ಪೂರ್ತಿ ಲಾಭ ಅದೇ ಷೇರಿನಲ್ಲಿ ಸಿಗಲಿಲ್ಲ. ದೊಡ್ಡ ಯಜಮಾನನಿರುವ ಕಂಪನಿಯಲ್ಲಿ ಈ ಅಪಾಯ ಯಾವಾಗಲೂ ಇರುತ್ತದೆ. ಬೆಲೆ ಕೆಳಗೆ ಬಿದ್ದಾಗ ಯಜಮಾನ ಬಂದು ಎಲ್ಲವನ್ನೂ ಬಾಚಿಕೊಳ್ಳಬಹುದು.

ಮೂರನೆಯದು ಚಿಕ್ಕದು. ಆಸ್ಟ್ರೇಲಿಯಾದ ರೆಸೊಲ್ಯೂಟ್ ಮೈನಿಂಗ್‌ಗೆ ಮಾಲಿಯಲ್ಲಿ ಸ್ಯಾಮಾ, ಸೆನೆಗಲ್‌ನಲ್ಲಿ ಮಾಕೊ ಗಣಿ ಇದ್ದವು. 2024ರ ನವೆಂಬರ್‌ನಲ್ಲಿ ಮಾತುಕತೆಗೆ ಅಂತ ಬಮಾಕೊಗೆ ಹೋದ ಮುಖ್ಯಸ್ಥರನ್ನೇ ಇಬ್ಬರು ಸಹೋದ್ಯೋಗಿಗಳ ಜೊತೆ ಹಿಡಿದು ಕೂರಿಸಿದರು. ಷೇರು ಒಂದೇ ದಿನದಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು. 16 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು, ಅವರು ಹೊರಬಂದರು. ಇಂಥ ಕುಸಿತಕ್ಕೆ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರು ಅನ್ನುವ ಆದೇಶ) ಹಾಕಿಟ್ಟರೂ ಪ್ರಯೋಜನ ಕಡಿಮೆ. ಸುದ್ದಿ ಬರುವುದು ಶನಿವಾರ, ಭಾನುವಾರ. ಸೋಮವಾರ ಪೇಟೆ ತೆರೆಯುವುದೇ ಕೆಳಗಿನ ಬೆಲೆಯಲ್ಲಿ.

ಎರಡನೇ ಜಾತಿಯಲ್ಲಿ ಹಣ ಮಾಡಿದವರೂ ಇದ್ದಾರೆ, ಇಲ್ಲ ಅಂತಲ್ಲ. ಆದರೆ ಕೊಳ್ಳುವ ಮೊದಲು ನೋಡಬೇಕಾದ್ದು ಗಣಿಯ ಅದಿರಿನ ಗುಣಮಟ್ಟ ಅಲ್ಲ. ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ ಅನ್ನುವುದು ಮೊದಲು. ಲೂಲೋ ಪರವಾನಗಿ 2026ರ ಫೆಬ್ರವರಿಗೆ ಮುಗಿಯುವುದಿತ್ತು, ಅದು ಸರ್ಕಾರಕ್ಕೆ ದೊಡ್ಡ ಬಲ. ಘಾನಾದಲ್ಲಿ ಗೋಲ್ಡ್ ಫೀಲ್ಡ್ಸ್‌ನ ಡಮಾಂಗ್ ಗಣಿಯ ಗುತ್ತಿಗೆ ಮುಗಿಯುವ ಹೊತ್ತಿಗೆ, 2025ರ ಏಪ್ರಿಲ್‌ನಲ್ಲಿ, ಸರ್ಕಾರ ನವೀಕರಣಕ್ಕೆ ಇಲ್ಲ ಅಂದಿತು. ಘಾನಾದಲ್ಲಿ ಸೇನೆಯ ಆಡಳಿತ ಇಲ್ಲ, ಚುನಾಯಿತ ಸರ್ಕಾರ ಇದೆ ಅನ್ನುವುದನ್ನೂ ಗಮನಿಸಿ. ಆಮೇಲೆ ಕಂಪನಿಗೆ ಆ ದೇಶದಿಂದ ಬರಬೇಕಾದ ತೆರಿಗೆ ಮರುಪಾವತಿ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯಾ ನೋಡಿ. ಸಂಬಂಧ ಹಳಸುತ್ತಿರುವುದು ಪತ್ರಿಕೆಗಿಂತ ಮುಂಚೆ ಅಲ್ಲಿ ಕಾಣುತ್ತದೆ. ಕಂಪನಿಯ ನಗದು ಎಲ್ಲಿದೆ ಅನ್ನುವುದೂ ಮುಖ್ಯ. 20 ಕೋಟಿ ಡಾಲರ್ ಕ್ಯಾಶ್ ಇದೆ ಅಂತ ವರದಿ ಹೇಳಬಹುದು. ಅದರಲ್ಲಿ ಮುಕ್ಕಾಲು ಭಾಗ ಆ ದೇಶದ ಬ್ಯಾಂಕಿನಲ್ಲೇ ಇದ್ದರೆ, ಜಗಳದ ದಿನ ಅದು ನಿಮ್ಮದಲ್ಲ.

ನಮಗೆ ಇದು ಪರದೇಶದ ಕಥೆ ಅನ್ನಿಸಬಹುದು. ಒಂದು ಕಾಲದಲ್ಲಿ ಲಂಡನ್ನಿನ ಹೂಡಿಕೆದಾರರಿಗೆ ಕೋಲಾರವೇ ಇಂಥ ಪರದೇಶದ ಗಣಿ. ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ ಕಂಪನಿಗಳ ಷೇರು ಅಲ್ಲಿ ಕೈ ಬದಲಾಗುತ್ತಿದ್ದವು, ಜಾನ್ ಟೇಲರ್ ಸಂಸ್ಥೆ ಗಣಿ ನಡೆಸುತ್ತಿತ್ತು, ಮೈಸೂರು ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು. 1956ರಲ್ಲಿ ಮೈಸೂರು ಸರ್ಕಾರ ಆ ಗಣಿಗಳನ್ನು ಪರಿಹಾರ ಕೊಟ್ಟು ವಹಿಸಿಕೊಂಡಿತು. ನಮ್ಮ ಹಿರಿಯರಿಗೆ ಅದು ನ್ಯಾಯ ಅನ್ನಿಸಿತು. ಮಾಲಿಯ ಜನಕ್ಕೂ ಈಗ ಹಾಗೇ ಅನ್ನಿಸುತ್ತಿರಬಹುದು. ಷೇರು ಕೊಳ್ಳುವವರು ಸರ್ಕಾರವನ್ನು ಕಳ್ಳ ಅಂತ ಬೈಯುತ್ತಾ ಕೂತರೆ ಮುಂದೇನಾಗುತ್ತದೆ ಅಂತ ಊಹಿಸುವುದು ಕಷ್ಟ. ಅವರ ಕಡೆಯಿಂದ ನಿಂತು ಲೆಕ್ಕ ಹಾಕಿದರೆ ಸುಲಭ.

ಗಣಿ ಹೋಯಿತು, ಕೇಸು ಉಳಿಯಿತು

ಮೂರನೇ ಜಾತಿಯ ಕಂಪನಿಗೆ ಗಣಿಯೇ ಇಲ್ಲ. ಸರ್ಕಾರ ಕಿತ್ತುಕೊಂಡಿದೆ, ಅಥವಾ ಅನುಮತಿಯೇ ಕೊಟ್ಟಿಲ್ಲ. ಉಳಿದಿರುವುದು ವಿಶ್ವಬ್ಯಾಂಕ್ ಬಳಗದ ಹೂಡಿಕೆ ವ್ಯಾಜ್ಯ ಕೇಂದ್ರದಲ್ಲಿ ಒಂದು ಕೇಸು. ಷೇರು ಪುಡಿಗಾಸಿಗೆ ಸಿಗುತ್ತದೆ, ಕೇಳಿರುವ ಪರಿಹಾರ ನೂರಾರು ಕೋಟಿ ಡಾಲರ್. ಲಾಟರಿ ಟಿಕೆಟ್ ಥರ ಕಾಣುತ್ತದೆ. ಟಿಕೆಟ್‌ನ ಹಿಂಬದಿ ಓದೋಣ.

ರೊಮೇನಿಯಾದ ರೊಶಿಯಾ ಮೊಂಟಾನಾದಲ್ಲಿ ರೋಮನ್ನರ ಕಾಲದಿಂದ ಚಿನ್ನ ತೆಗೆದಿದ್ದಾರೆ. ಅಲ್ಲಿ ದೊಡ್ಡ ತೆರೆದ ಗಣಿ ಮಾಡಲು ಕೆನಡಾದ ಗೇಬ್ರಿಯಲ್ ರಿಸೋರ್ಸಸ್ ಹೊರಟಿತು. 2013ರಲ್ಲಿ ಸಯನೈಡ್ ಬೇಡ, ಊರು ಉಳಿಸಿ ಅಂತ ಬುಕಾರೆಸ್ಟ್‌ನಲ್ಲಿ ಸಾವಿರಾರು ಜನ ಬೀದಿಗಿಳಿದರು. ಸಂಸತ್ತು ಹಿಂದೆ ಸರಿಯಿತು. ಕಂಪನಿ 2015ರಲ್ಲಿ ಕೇಸು ಹಾಕಿತು, ಕೇಳಿದ್ದು 400 ಕೋಟಿ ಡಾಲರ್‌ಗೂ ಜಾಸ್ತಿ. 2021ರಲ್ಲಿ ಯುನೆಸ್ಕೋ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರ ಮಾರ್ಚ್‌ನಲ್ಲಿ ತೀರ್ಪು ಬಂತು. ಗೇಬ್ರಿಯಲ್ ಸೋತಿತು. ಪರಿಹಾರ ಇರಲಿ, ಎದುರಾಳಿಯ ಖರ್ಚನ್ನೂ ಕೊಡಬೇಕು ಅಂತ ಆದೇಶ. ಷೇರು ಕುಸಿದುಬಿತ್ತು.

ಸೋತರೆ ಹೀಗೆ. ಗೆದ್ದರೆ? ವೆನಿಜುವೆಲಾದ ಲಾಸ್ ಕ್ರಿಸ್ಟಿನಾಸ್ ಗಣಿಯ ಒಪ್ಪಂದ ಕ್ರಿಸ್ಟಲೆಕ್ಸ್ ಎಂಬ ಕಂಪನಿಗೆ 2002ರಲ್ಲಿ ಸಿಕ್ಕಿತ್ತು. 2008ರಲ್ಲಿ ಪರಿಸರ ಅನುಮತಿ ಕೊಡಲಿಲ್ಲ, 2011ರಲ್ಲಿ ಒಪ್ಪಂದ ರದ್ದು. ಅದೇ ವರ್ಷ ಕಂಪನಿ ಸಾಲ ಕೊಟ್ಟವರಿಂದ ಕೋರ್ಟಿನ ರಕ್ಷಣೆ ಕೇಳಿತು, ಮುಂದೆ ಷೇರುಪೇಟೆಯ ಪಟ್ಟಿಯಿಂದಲೂ ಹೊರಬಿತ್ತು. 2016ರಲ್ಲಿ ಅದು ಕೇಸು ಗೆದ್ದಿತು, ಬಡ್ಡಿ ಬಿಟ್ಟು 120 ಕೋಟಿ ಡಾಲರ್. ವೆನಿಜುವೆಲಾ ಸುಮ್ನೆ ಕೊಡುತ್ತದಾ? ಅಮೆರಿಕದಲ್ಲಿರುವ ಅದರ ಸಿಟ್ಗೋ ತೈಲ ಕಂಪನಿಯ ಮಾತೃ ಕಂಪನಿಯ ಷೇರನ್ನು ಜಪ್ತಿ ಮಾಡಿ ಹರಾಜು ಹಾಕಲು ಡೆಲವೇರ್‌ನ ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ಓಡಾಡಬೇಕಾಯಿತು. ಈ ನಡುವೆ ಕೇಸು ನಡೆಸಲು ದುಡ್ಡು ಕೊಟ್ಟ ಹೆಡ್ಜ್ ಫಂಡ್‌ಗೆ ಗೆದ್ದ ಹಣದಲ್ಲಿ ದೊಡ್ಡ ಪಾಲು ಹೋಗುವ ಕರಾರು. ಆಮೇಲೆ ಬಾಂಡ್‌ದಾರರು. ಷೇರುದಾರರು ಸಾಲಿನ ಕೊನೆಯಲ್ಲಿ.

ಪಕ್ಕದ ಬ್ರಿಸಾಸ್ ಯೋಜನೆ ಕಳೆದುಕೊಂಡ ಗೋಲ್ಡ್ ರಿಸರ್ವ್ ಸ್ವಲ್ಪ ಜಾಣ. 2014ರಲ್ಲಿ 70 ಕೋಟಿ ಡಾಲರ್‌ಗೂ ಜಾಸ್ತಿಯ ತೀರ್ಪು ಗೆದ್ದಿತು, ಪಟ್ಟಿಯಲ್ಲೂ ಉಳಿಯಿತು. 2025ರಲ್ಲಿ ಸಿಟ್ಗೋ ಹರಾಜಿನಲ್ಲಿ ತಾನೇ ಬಿಡ್ ಹಾಕಿತು. ಮೊದಲು ಅದರ ಬಿಡ್ಡನ್ನೇ ಶಿಫಾರಸು ಮಾಡಿದರು. ಆಮೇಲೆ ಎಲಿಯಟ್ ಫಂಡ್‌ನ ಅಂಬರ್ ಎನರ್ಜಿ ಮುಂದೆ ಬಂತು, ನವೆಂಬರ್‌ನಲ್ಲಿ ನ್ಯಾಯಾಧೀಶರು ಅದಕ್ಕೇ ಒಪ್ಪಿಗೆ ಕೊಟ್ಟರು. ಈ ಷೇರಿನ ಬೆಲೆಗೂ ಚಿನ್ನದ ಬೆಲೆಗೂ ಈಗ ಯಾವ ಸಂಬಂಧವೂ ಇಲ್ಲ. ನೀವು ಓದಬೇಕಾದ್ದು ಕೋರ್ಟಿನ ಆದೇಶ.

ಕೇಸಿನ ಷೇರನ್ನು ವಕೀಲರಿಗೆ, ವ್ಯಾಜ್ಯಕ್ಕೆ ಸಾಲ ಕೊಡುವವರಿಗೆ ಬಿಟ್ಟುಬಿಡಿ. ಕೊಳ್ಳಲೇಬೇಕು ಅನ್ನುವ ಹಟವಿದ್ದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಗೆದ್ದ ಹಣ ಹಂಚುವಾಗ ಷೇರುದಾರರಿಗಿಂತ ಮುಂದೆ ಯಾರು ಯಾರು ನಿಂತಿದ್ದಾರೆ?

ಜಗಳದಿಂದ ದೂರ ನಿಲ್ಲುವ ದಾರಿಗಳು

ರಾಯಲ್ಟಿ ಕಂಪನಿಗಳು ಅಂತ ಒಂದು ಬಗೆ ಇದೆ. ಫ್ರಾಂಕೊ-ನೆವಾಡಾ ಅದರಲ್ಲಿ ದೊಡ್ಡವುಗಳಲ್ಲಿ ಒಂದು. ತಾನು ಅಗೆಯುವುದಿಲ್ಲ. ಗಣಿಗೆ ಮುಂಗಡ ಹಣ ಕೊಟ್ಟು, ಮುಂದೆ ಬರುವ ಚಿನ್ನದಲ್ಲಿ ಒಂದು ಭಾಗ ಪಡೆಯುತ್ತದೆ. ಗಣಿ ಕಾರ್ಮಿಕರಿಲ್ಲ, ಡೀಸೆಲ್ ಖರ್ಚಿಲ್ಲ. ಇದು ರಾಜಕೀಯಕ್ಕೆ ಸಿಕ್ಕುವುದಿಲ್ಲ ಅಂತ ಮಾರುವವರು ಹೇಳುತ್ತಾರೆ. ಪನಾಮಾದ ಕೋಬ್ರೆ ಪನಾಮಾ ತಾಮ್ರದ ಗಣಿಯಿಂದ ಬರುವ ಚಿನ್ನ, ಬೆಳ್ಳಿ ಫ್ರಾಂಕೊಗೆ ಅತಿ ದೊಡ್ಡ ಆದಾಯವಾಗಿತ್ತು. 2023ರ ನವೆಂಬರ್‌ನಲ್ಲಿ ಪನಾಮಾ ಸುಪ್ರೀಂ ಕೋರ್ಟು ಗಣಿ ಒಪ್ಪಂದ ಸಂವಿಧಾನಕ್ಕೆ ವಿರುದ್ಧ ಅಂದಿತು. ಗಣಿ ಮುಚ್ಚಿತು, ಆದಾಯವೂ ನಿಂತಿತು. ರಾಯಲ್ಟಿ ಕಂಪನಿ ಅಪಾಯವನ್ನು ಹಂಚುತ್ತದೆ, ತೆಗೆದುಹಾಕುವುದಿಲ್ಲ.

ಅಗ್ನಿಕೊ ಈಗಲ್ ಥರದ ಕಂಪನಿ ಕೆನಡಾ, ಫಿನ್‌ಲೆಂಡ್, ಆಸ್ಟ್ರೇಲಿಯಾ, ಮೆಕ್ಸಿಕೊದಲ್ಲಿ ಅಗೆಯುತ್ತದೆ. ಯಾವಾಗಲೂ ದುಬಾರಿ. ಆ ದುಬಾರಿ ಬೆಲೆಗೆ ಸಿಗುವುದು ರಾತ್ರಿಯ ನಿದ್ದೆ, ಬೇರೇನೂ ಹೇಳಬೇಕಿಲ್ಲ.

ಫಂಡ್ ಬೇಕಾದವರಿಗೆ ಅಮೆರಿಕದ ಪೇಟೆಯಲ್ಲಿ ವ್ಯಾನ್‌ಎಕ್ ಗೋಲ್ಡ್ ಮೈನರ್ಸ್ ಇಟಿಎಫ್ (ಷೇರಿನ ಹಾಗೆ ಪೇಟೆಯಲ್ಲೇ ಕೊಳ್ಳುವ ಫಂಡ್) ಇದೆ, ಸಣ್ಣ ಕಂಪನಿಗಳಿಗೆ ಅದರದ್ದೇ ಜೂನಿಯರ್ ಇಟಿಎಫ್ ಇದೆ. ಹೊರದೇಶಕ್ಕೆ ಹಣ ಕಳಿಸುವ ಗೋಜೇ ಬೇಡ ಅನ್ನುವವರಿಗೆ ಡಿಎಸ್‌ಪಿ ಮ್ಯೂಚುವಲ್ ಫಂಡ್‌ನ ಚಿನ್ನದ ಗಣಿ ಫಂಡ್ 2007ರಿಂದ ಇಲ್ಲೇ ರೂಪಾಯಿಯಲ್ಲಿ ಸಿಗುತ್ತದೆ. ಒಂದು ದೇಶದಲ್ಲಿ ಗಣಿ ಹೋದರೆ ಫಂಡ್‌ಗೆ ತಾಗುವುದು ಕಡಿಮೆ. ಆದರೆ ಇಲ್ಲಿ ಊಹೆಯ ಆಟ ಇಲ್ಲ, ಚಿನ್ನದ ಬೆಲೆಯ ಆಟ ಮಾತ್ರ.

ದೇಶದ ಪೇಟೆಯಲ್ಲೇ ಕೊಳ್ಳುತ್ತೇನೆ, ಆಗ ವಿದೇಶಿ ರಾಜಕೀಯ ಇರುವುದಿಲ್ಲ ಅನ್ನುವವರೂ ಇದ್ದಾರೆ. ಮುಂಬೈ ಪೇಟೆಯಲ್ಲಿ ಪಟ್ಟಿಯಾಗಿರುವ ಡೆಕ್ಕನ್ ಗೋಲ್ಡ್ ಮೈನ್ಸ್ ನೋಡಿ. ಆಂಧ್ರದ ಜೊನ್ನಗಿರಿ ಯೋಜನೆಯ ಜೊತೆಗೆ ಅದಕ್ಕೆ ಕಿರ್ಗಿಸ್ತಾನದಲ್ಲೂ ಆಲ್ಟಿನ್ ಟೋರ್ ಎಂಬ ಯೋಜನೆಯಲ್ಲಿ ಪಾಲಿದೆ. ಕುಮ್ಟೋರ್ ಇರುವ ಅದೇ ದೇಶ. ಇನ್ನು ನಮ್ಮ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಅದು ಹುಡುಕಿದ ಚಿನ್ನ ವರ್ಷಗಟ್ಟಲೆ ನೆಲದಲ್ಲೇ ಉಳಿಯಿತು. 2015ರಲ್ಲಿ ಕೇಂದ್ರದ ಗಣಿ ಕಾಯ್ದೆ ಬದಲಾಗಿ ಹರಾಜು ಕಡ್ಡಾಯವಾಯಿತು. ಹಳೆಯ ಅರ್ಜಿದಾರರಿಗೆ ಉಳಿಸಿದ್ದ ಹಕ್ಕು 2021ರ ತಿದ್ದುಪಡಿಯಲ್ಲಿ ಹೋಯಿತು. ಇಲ್ಲಿ ಯಾರೂ ಹೆಲಿಕಾಪ್ಟರ್ ತರಲಿಲ್ಲ. ಕಾನೂನು ಬದಲಾಯಿತು ಅಷ್ಟೇ. ರಾಜಕೀಯ ಅಪಾಯ ಅಂದರೆ ಬಹಳ ಸಲ ಇಷ್ಟೇ.

ಭಾರತದಿಂದ ಕೊಳ್ಳುವವರ ಲೆಕ್ಕ

ಇದು ಬೇಸರದ ಭಾಗ, ಆದರೆ ಹಣ ಇಲ್ಲೂ ಸೋರುತ್ತದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಹೂಡಿಕೆಯ ಹಣಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಗಡ ತೆರಿಗೆ ಥರ) ಹಿಡಿಯುತ್ತದೆ. ಅದು ರಿಟರ್ನ್ಸ್‌ನಲ್ಲಿ ವಾಪಸ್ ಸಿಗುತ್ತದೆ, ಆದರೆ ತಿಂಗಳುಗಟ್ಟಲೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ವಿದೇಶಿ ಪೇಟೆಯಲ್ಲಿ ಮಾರ್ಜಿನ್‌ಗೆ ಅಂತ ಹಣ ಕಳಿಸುವಂತಿಲ್ಲ. ಸಾಲದ ಮೇಲೆ ಆಡುವ ಆಸೆ ಇದ್ದರೆ ಅಲ್ಲಿಗೇ ಬಿಡಿ.

ವಿದೇಶಿ ಷೇರನ್ನು 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭಕ್ಕೆ 12.5% ತೆರಿಗೆ. ಅದಕ್ಕಿಂತ ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ಲೆಕ್ಕ. ರಾಜಕೀಯದ ಸುದ್ದಿಯ ಮೇಲೆ ಆಡುವವರು ಎರಡು ವರ್ಷ ಕಾಯುವುದು ಅಪರೂಪ, ಹಾಗಾಗಿ 30% ಸ್ಲ್ಯಾಬ್‌ನಲ್ಲಿರುವವರು ಲಾಭದ ಸುಮಾರು ಮೂರನೇ ಒಂದು ಭಾಗ ಸರ್ಕಾರಕ್ಕೆ ಅಂತ ಮೊದಲೇ ಕಳೆದು ನೋಡಬೇಕು. ಡಿವಿಡೆಂಡ್‌ಗೆ ಕೆನಡಾದಲ್ಲೂ ಅಮೆರಿಕದಲ್ಲೂ ಅಲ್ಲೇ 25% ಹಿಡಿಯುತ್ತಾರೆ, ಅದನ್ನು ಇಲ್ಲಿನ ತೆರಿಗೆಗೆ ಹೊಂದಿಸಿಕೊಳ್ಳಬಹುದು. ರಿಟರ್ನ್ಸ್‌ನ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ವಿವರ) ತುಂಬುವುದನ್ನು ಮರೆಯಬೇಡಿ.

ಇನ್ನೊಂದು ಸಣ್ಣ ವಿಷಯ ಯಾರೂ ಹೇಳುವುದಿಲ್ಲ. ಷೇರು ಪಟ್ಟಿಯಿಂದ ಹೊರಬಿದ್ದು ಮಾರಲು ಆಗದಂತಾದರೆ, ನಷ್ಟವನ್ನು ತೆರಿಗೆಯಲ್ಲಿ ತೋರಿಸುವುದೂ ಕಷ್ಟ, ಯಾಕೆಂದರೆ ಮಾರಾಟವೇ ಆಗಿಲ್ಲ. ಎರಡನೇ ಮತ್ತು ಮೂರನೇ ಜಾತಿಯ ಕಂಪನಿಗಳಲ್ಲಿ ಬಹುತೇಕ ಟೊರೊಂಟೊ, ಸಿಡ್ನಿ, ಲಂಡನ್ ಪೇಟೆಯವು. ನಮ್ಮಲ್ಲಿ ಪ್ರಚಾರದಲ್ಲಿರುವ ಆ್ಯಪ್‌ಗಳು ಹೆಚ್ಚಾಗಿ ಅಮೆರಿಕದ ಪೇಟೆಗೆ ಮಾತ್ರ. ಅಂದರೆ ಬ್ಯಾರಿಕ್ ಸುಲಭವಾಗಿ ಸಿಗುತ್ತದೆ, ಗೇಬ್ರಿಯಲ್ ಸಿಗುವುದಿಲ್ಲ. ಇದೊಂದು ಅಡಚಣೆ ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ.

ನಾನಾದರೆ

ಹತ್ತು ಲಕ್ಷ ಇದೆ, ಚಿನ್ನದ ಗಣಿಯಲ್ಲಿ ಹಾಕಬೇಕು ಅಂತ ಯಾರಾದರೂ ಕೇಳಿದರೆ, ಒಂಬತ್ತು ಲಕ್ಷ ಫಂಡ್‌ಗೆ ಅಥವಾ ಹತ್ತಾರು ಗಣಿಗಳ ಕಂಪನಿಗೆ ಅನ್ನುತ್ತೇನೆ. ಉಳಿದ ಒಂದು ಲಕ್ಷ, ಅದು ಪೂರ್ತಿ ಹೋದರೂ ಮನೆಯಲ್ಲಿ ಮುಖ ಸಣ್ಣದಾಗದು ಅನ್ನುವಂತಿದ್ದರೆ, ಎರಡನೇ ಜಾತಿಗೆ. ಅದೂ ಜಗಳ ಶುರುವಾಗುವ ಮೊದಲು ಅಲ್ಲ. ಬಂಧನ, ರಫ್ತು ತಡೆ, ದೊಡ್ಡ ನೋಟಿಸ್, ಇಷ್ಟೆಲ್ಲ ಆಗಿ ಎರಡೂ ಕಡೆಯವರಿಗೆ ಸುಸ್ತಾದ ಮೇಲೆ. ಗಣಿ ನಿಂತರೆ ಸರ್ಕಾರಕ್ಕೂ ಆದಾಯ ನಿಲ್ಲುತ್ತದೆ. ಮಾಲಿಯ ರಫ್ತಿನಲ್ಲಿ ಬಹುಪಾಲು ಚಿನ್ನವೇ. ಆ ಸುಸ್ತಿನ ಹೊತ್ತಿನಲ್ಲಿ ರಾಜಿಯ ಸಾಧ್ಯತೆ ಜಾಸ್ತಿ.

ಮಾರುವ ದಿನವನ್ನು ಕೊಳ್ಳುವ ದಿನವೇ ಬರೆದಿಡುವುದು ಒಳ್ಳೆಯದು. ರಾಜಿಯ ಸುದ್ದಿ ಬಂದು ಷೇರು ಹಾರಿದಾಗ ಹಾಕಿದ ಹಣವನ್ನಾದರೂ ಹೊರಗೆ ತೆಗೆಯಿರಿ. ಮಾಲಿಯಲ್ಲಿ ಗೊಯಿಟಾ ಅವರಿಗೆ 2025ರ ಜುಲೈನಲ್ಲಿ ಚುನಾವಣೆ ಇಲ್ಲದೆ ಐದು ವರ್ಷದ ಅವಧಿ ಸಿಕ್ಕಿದೆ, ಅದನ್ನು ಮತ್ತೆ ನವೀಕರಿಸಲೂಬಹುದು. ರಾಜಿಗೆ ಸಹಿ ಹಾಕಿದ ಅದೇ ಜನ ಮುಂದಿನ ಸಲ ಚಿನ್ನ ಏರಿದಾಗಲೂ ಅಲ್ಲೇ ಕುಳಿತಿರುತ್ತಾರೆ.